ನಿಜವಾದ ಮಳೆ

ಇಲೆಯಾನಾಳ ಕಾರು ಗೇಟು ದಾಟಿ, ಟೊಮೆಟೊ ಕಾರ್ಖಾನೆಯ ಗೋಡೆಯ ಪಕ್ಕ ತಿರುಗಿ ಮರೆಯಾಗುವಾಗ ಅದೆಲ್ಮೊ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಕೈ ಬೀಸುತ್ತಲೇ ಇದ್ದ. ನೋಡುತ್ತಿದ್ದದ್ದು ಮಾತ್ರ ಕಾರನ್ನಲ್ಲ, ಬೀದಿದೀಪವನ್ನು. ಬೆಳಕು ಹರಿದಿದ್ದರೂ ಪುರಸಭೆಯವರು ಇನ್ನೂ ದೀಪ ಆರಿಸಿರಲಿಲ್ಲ. ಅದರ ಹಳದಿ ಬೆಳಕಿನಲ್ಲಿ ಸಣ್ಣಗೆ ಜಿನುಗುತ್ತಿದ್ದ ಹನಿಗಳಲ್ಲಿ ಒಂದೊಂದು ನೆಟ್ಟಗೆ ಬೀಳದೆ, ಗಾಳಿಯಲ್ಲಿ ಸ್ವಲ್ಪ ತಡೆದು, ಓರೆಯಾಗಿ ಇಳಿಯುತ್ತಿತ್ತು. ಹುಡುಗನಾಗಿದ್ದಾಗಿನಿಂದ ದೀಪದ ಕಂಬ ನೋಡುತ್ತ ಬಂದ ಕಣ್ಣು ಅದು. ತಡೆದು ಬೀಳುವುದು ಬರೀ ಹನಿಯಲ್ಲ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದೆಯೊಳಗೆ ಏನೋ ಕುಣಿಯಿತು. ಅದೇ ಹೊತ್ತಿಗೆ, ಕಾರು ಹೋಗಿ ಎಷ್ಟೋ ಹೊತ್ತಾದರೂ ತನ್ನ ಕೈ ಇನ್ನೂ ಬೀಸುತ್ತಲೇ ಇದೆ ಎಂಬುದೂ, ಎದುರು ಮನೆಯ ಕೊರ್ರಾದಿ ಅಮ್ಮ ಪರದೆ ಸರಿಸಿ ತನ್ನನ್ನೇ ನೋಡುತ್ತಿದ್ದಾಳೆ ಎಂಬುದೂ ಅರಿವಾಗಿ, ಗಾಜು ಒರೆಸುತ್ತಿದ್ದವನಂತೆ ನಟಿಸಿ ಒಳಕ್ಕೆ ಸರಿದ.

ಫೋನು ಮೇಜಿನ ಮೇಲೆ, ಅವಳು ಕುಡಿದಿಟ್ಟ ಕಾಫಿ ಬಟ್ಟಲಿನ ಪಕ್ಕದಲ್ಲಿತ್ತು. ಈಗಲೇ ಮಾಡಿದರೆ ಅವಳು ಇನ್ನೂ ಫೊರ್ನೊವೊ ಸೇತುವೆಯ ಈಚೆ ಇರುತ್ತಾಳೆ. ಸೇತುವೆ ದಾಟಿದ ಮೇಲೆ ಬೆಟ್ಟ ಶುರು. ವಾಪಸು ಬಾ, ಕಾರು ಸ್ಟೇಷನ್ನಿನಲ್ಲೇ ಬಿಟ್ಟು ರೈಲು ಹತ್ತು, ರೈಲು ಸುರಂಗದಲ್ಲಿ ಹೋಗುತ್ತದೆ, ಅದಕ್ಕೆ ಮೇಲೆ ಏನು ಬಿದ್ದರೂ ಲೆಕ್ಕವಿಲ್ಲ, ಅಂದರೆ ಮುಗಿಯಿತು. ಅವನ ಕೈ ಫೋನಿನ ತನಕ ಹೋಯಿತು ಕೂಡ. ಆದರೆ ಅವಳು ಯಾಕೆ ಅಂತ ಕೇಳುತ್ತಾಳೆ. ಯಾಕೆ ಅಂದರೆ ಆ ಮಾತನ್ನು ಬಾಯಿಬಿಟ್ಟು ಹೇಳಬೇಕು. ಇದೀಗ ತಾನೇ ಹನಿಗಳು ತಡೆಯಲು ಶುರುಮಾಡಿವೆ, ಇನ್ನೂ ನೆಲಕ್ಕೆ ಹತ್ತಿಲ್ಲ, ಈಗ ಹೇಳಿದರೆ ಎಲ್ಲ ಕೆಟ್ಟುಹೋಗುತ್ತದೆ. ಮೊದಲು ನೆಲಕ್ಕೆ ಹತ್ತಲಿ, ಆಮೇಲೆ ಮಾಡಿದರಾಯಿತು ಎಂದುಕೊಂಡು ಬಟ್ಟಲನ್ನು ತೊಳೆಯುವ ತೊಟ್ಟಿಗೆ ಹಾಕಿದ. ಐವತ್ತೆರಡು ವರ್ಷದ ಮನುಷ್ಯ, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಟೊಮೆಟೊ ರಸದ ಹುಳಿ ಅಳೆದು ಸಂಬಳ ತೆಗೆದುಕೊಳ್ಳುವವನು, ಮೂಢನಂಬಿಕೆ ಅಂದರೆ ಮೂಗು ಮುರಿಯುವವನು.

ನಿನ್ನೆ ಸಂಜೆ ಅವಳು ಒಲೆಯ ಮುಂದೆ ನಿಂತು ಸಾರಿಗೆ ಅನೊಲಿನಿ ಕಡುಬು ಬಿಡುತ್ತ, ನಾಳೆ ಘಟ್ಟದಲ್ಲಿ ಹವೆ ಹೇಗಿರುತ್ತದೆ ಎಂದು ಕೇಳಿದ್ದಳು. ಬೆಟ್ಟದ ಆಚೆ ಪೊಂಟ್ರೆಮೊಲಿಯಿಂದ ಅವಳ ಅಕ್ಕ ಮಾರ್ತ್ಸಿಯಾ ಫೋನು ಮಾಡಿದ್ದಳಂತೆ. ಅಪ್ಪ ಭಾನುವಾರದಿಂದ ಏನೂ ತಿಂದಿಲ್ಲ, ಡಾಕ್ಟರು ಇನ್ನು ಮನೆಮಂದಿಯನ್ನೆಲ್ಲ ಕರೆಸಿ ಅಂದರಂತೆ, ಅಪ್ಪನಿಗೆ ಆಗಾಗ ಎಚ್ಚರವಾಗುತ್ತದೆ, ಎಚ್ಚರವಾದಾಗ ಚಿಕ್ಕವಳು ಬಂದಳಾ ಅಂತಾರಂತೆ. ಬೆನ್ನು ಹುಣ್ಣಾಗದಂತೆ ಗಾಳಿ ತುಂಬುವ ಹಾಸಿಗೆಯೊಂದನ್ನು ಇಲೆಯಾನಾ ಔಷಧಿ ಅಂಗಡಿಯಿಂದ ತಂದು ಬಾಗಿಲ ಪಕ್ಕ ಇಟ್ಟಿದ್ದಳು. ಪಂಪು, ಪೆಟ್ಟಿಗೆ ಎಲ್ಲ ಸೇರಿ ದೊಡ್ಡ ಹೊರೆ. ರೈಲಿಗಾದರೆ ಇದನ್ನು ಬಿಟ್ಟು ಈಗಲೇ ಹೊರಡಬಹುದು, ಕಾರಿಗಾದರೆ ಬೆಳಿಗ್ಗೆ ಇದನ್ನೂ ಹಾಕಿಕೊಂಡು ಹೋಗಬಹುದು. ಅವಳ ಲೆಕ್ಕ ಅಷ್ಟೇ.

ಅವನು ಮಳೆ ಅಂದ. ಘಟ್ಟದಲ್ಲೂ ಮಳೆಯೇ, ಸಮುದ್ರದ ಕಡೆಯ ಬೆಚ್ಚನೆ ಗಾಳಿ ಬರುತ್ತಿದೆ, ಆರಾಮಾಗಿ ಹೋಗು ಅಂದ. ಅವಳು ಸೌಟು ಕೆಳಗಿಟ್ಟು ತಿರುಗಿದಳು.

"ನಿಜವಾದ ಮಳೇನೋ, ನಿಮ್ಮ ಮಳೇನೋ?"

"ಏನು ಹಾಗಂದ್ರೆ?"

"ಗೊತ್ತು ನಿಂಗೆ. ತಮಾಷೆ ಬೇಡ ಅದೆಲ್ಮೊ, ಅಪ್ಪನ ವಿಷಯ ಇದು."

"ನಿಜವಾದ್ದೇ," ಅಂದ. ಅಂದು, ಚೀಸು ತುರಿಯುವ ನೆಪದಲ್ಲಿ ತಲೆ ತಗ್ಗಿಸಿದ.

ಅವಳ ಪ್ರಶ್ನೆ ಅರ್ಥವಾಗಬೇಕಾದರೆ 'ಬಯಲಿನ ಚಳಿಗಾಲ'ದ ರೀತಿನೀತಿ ಗೊತ್ತಿರಬೇಕು. ಪೋ ನದಿಯ ಬಯಲಿನುದ್ದಕ್ಕೂ, ತೊರಿನೊದಿಂದ ಬೊಲೊನ್ಯದ ತನಕ, ಹಿಮದ ಹುಚ್ಚು ಹತ್ತಿಸಿಕೊಂಡ ಗಂಡಸರು ಇಂಟರ್‌ನೆಟ್ಟಿನಲ್ಲಿ ಸೇರುವ ಜಗಲಿ ಅದು. ಹೆಂಗಸರೂ ಇದ್ದಾರೆ, ಬೆರಳೆಣಿಕೆ. ಅಲ್ಲಿ ಬೆಳಿಗ್ಗೆ ಸಂಜೆ ಹವಾಮಾನದ ನಕ್ಷೆಗಳು ಬಂದು ಬೀಳುತ್ತವೆ, ಬಯಲಿನ ಮೇಲೆ ಹಾಸಿಕೊಂಡ ತಣ್ಣನೆ ಗಾಳಿ ನಿಲ್ಲುತ್ತದೋ ಇಲ್ಲ ಮೇಲಿನ ಬೆಚ್ಚನೆ ಗಾಳಿ ಬಂದು ಅದನ್ನು ತಿಂದುಹಾಕುತ್ತದೋ ಎಂದು ಜಗಳ ನಡೆಯುತ್ತದೆ, ಒಬ್ಬ ಇನ್ನೊಬ್ಬನಿಗೆ ನಿನಗೆ ನಿನ್ನ ಹಿತ್ತಲಿನದೇ ಚಿಂತೆ ಎಂದು ಚುಚ್ಚುತ್ತಾನೆ. ಆದರೆ ಹಿಮ ಹತ್ತಿರ ಬಂದ ಹಾಗೆ ಎಲ್ಲರ ಭಾಷೆಯೂ ಬದಲಾಗುತ್ತದೆ. ಆಗ ಹಿಮ ಎನ್ನುವ ಪದವನ್ನು ಯಾರೂ ಬರೆಯಬಾರದು. ಬರೆಯಲೇಬೇಕಾದರೆ ದೊರೆಸಾನಿ ಎನ್ನಬೇಕು. ಬರುತ್ತಾಳೆ ಎಂದು ಹೇಳಿದವನು ಗೂಬೆ, ಅವನ ಬಾಯಿಂದಲೇ ಅವಳು ದಾರಿ ತಪ್ಪುತ್ತಾಳೆ. ಆದ್ದರಿಂದ ಹಿಂದಿನ ದಿನ ಎಲ್ಲರೂ ಪೈಪೋಟಿಯ ಮೇಲೆ ಮಳೆ, ಬರೀ ಮಳೆ, ಬೂಟು ಹುಡುಕಿ ಎಂದು ಬರೆಯುತ್ತಾರೆ. ಹೆಚ್ಚು ಮಳೆ ಎಂದಷ್ಟೂ ಹೆಚ್ಚು ಹಿಮ ಎಂದು ತಿಳಿದುಕೊಳ್ಳಬೇಕು. ಹೊಸಬರು ಗಾಬರಿಯಾದರೆ ಕರ್ನಲ್ ಅವರಿಗೆ ಖಾಸಗಿಯಾಗಿ ಅರ್ಥ ಹೇಳುತ್ತಾನೆ. ಕರ್ನಲ್ ಎಂದರೆ ಸೈನ್ಯದವನಲ್ಲ, ಮೋದೆನಾದ ಒಬ್ಬ ನಿವೃತ್ತ ಔಷಧಿ ವ್ಯಾಪಾರಿ, ಜಗಲಿಯ ಯಜಮಾನ.

ಎರಡು ಚಳಿಗಾಲದ ಹಿಂದೆ ಅದೆಲ್ಮೊ ಆ ನೇಮ ಮುರಿದಿದ್ದ. ನಕ್ಷೆಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು. ಎದೆ ತುಂಬಿಬಂದು, ಹಿಮ ಖಚಿತ, ನಮ್ಮೂರು ಕೊಲ್ಲೆಕ್ಕಿಯೊದಲ್ಲಿ ಮೊಣಕಾಲುದ್ದ ಎಂದು ಬರೆದುಬಿಟ್ಟ. ಮಾರನೆಯ ದಿನ ಹಗಲೆಲ್ಲ ಮಳೆ ಸುರಿಯಿತು. ಅಂದಿನಿಂದ ಅವನಿಗೆ ಛತ್ರಿ ಎಂದೇ ಹೆಸರು. ಅವನು ಏನು ಬರೆದರೂ ಕೆಳಗೆ ಒಂದು ಛತ್ರಿಯ ಚಿತ್ರ. ರೆಜ್ಜೊದಲ್ಲಿ ಜಗಲಿಯವರ ವರ್ಷದ ಊಟಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದರೆ ಅವನ ಲಂಬ್ರುಸ್ಕೊ ವೈನಿನ ಲೋಟದಲ್ಲಿ ಕಾಗದದ ಪುಟ್ಟ ಛತ್ರಿ ಸಿಕ್ಕಿಸಿಟ್ಟಿದ್ದರು. ಅವನೂ ಎಲ್ಲರ ಜೊತೆ ನಕ್ಕ. ಆಮೇಲೆ ಕೈ ತೊಳೆಯುತ್ತೇನೆಂದು ಎದ್ದುಹೋಗಿ, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಿದ್ದ. ತಿರುಗಿ ಬಂದಾಗ ಲೋಟದಲ್ಲಿ ಛತ್ರಿ ಇರಲಿಲ್ಲ. ಇಲೆಯಾನಾ ಅದನ್ನು ಕಿತ್ತು ಮುರಿದು ತಟ್ಟೆಯಲ್ಲಿ ಹಾಕಿ, ನಿಮಗೆಲ್ಲ ಎಷ್ಟು ವಯಸ್ಸು ಎಂದು ಕರ್ನಲನನ್ನೇ ಕೇಳಿದ್ದಳಂತೆ. ಅವಳು ಅವನ ಪರ ಮಾತಾಡಿದ್ದು ಅವನಿಗೆ ಛತ್ರಿಗಿಂತ ಹೆಚ್ಚಿನ ಅವಮಾನವಾಯಿತು. ದಾರಿಯುದ್ದಕ್ಕೂ ಅವಳ ಜೊತೆ ಮಾತಾಡಲಿಲ್ಲ.

ಈಗ ನೆಲಕ್ಕೆ ಹತ್ತುತ್ತಿತ್ತು. ಮೊದಲು ಹೂವಿನ ಕುಂಡದ ಅಂಚಿಗೆ, ಆಮೇಲೆ ಹುಲ್ಲಿಗೆ, ಆಮೇಲೆ ಹಿತ್ತಲಿನ ಮಧ್ಯೆ ಕಲ್ಲಿನ ಮೇಲೆ ಅವನು ಇಟ್ಟ ಬಿಳಿ ಬಣ್ಣದ ಹಲಗೆಗೆ. ಅಳೆಯುವುದು ಆ ಹಲಗೆಯ ಮೇಲೆ. ಆರು ಗಂಟೆಗೊಮ್ಮೆ ಅಳೆದು ಗುಡಿಸಬೇಕು, ಅದಕ್ಕೆ ಮುಂಚೆ ಮುಟ್ಟಬಾರದು. ಗಂಟೆಗೊಮ್ಮೆ ಗುಡಿಸಿ ಲೆಕ್ಕ ಉಬ್ಬಿಸುವವರು ಬೇರೆ ಇದ್ದಾರೆ, ಜಗಲಿಯಲ್ಲಿ ನರಿ ಎಂದು ಹೆಸರಿಟ್ಟುಕೊಂಡ ಪಿಯಾಚೆಂತ್ಸಾದವನಂಥವರು. ಅದೆಲ್ಮೊ ಚಪ್ಪಲಿಯಲ್ಲೇ ಹೊರಗೆ ಬಂದು ಮುಖ ಮೇಲೆತ್ತಿ ನಿಂತ. ದಪ್ಪ ದಪ್ಪ ಚಕ್ಕೆಗಳು ರೆಪ್ಪೆಯ ಮೇಲೆ ಕೂತವು. ಅಮ್ಮ ಸತ್ತ ವರ್ಷ ಬಿದ್ದಿತ್ತು ಹೀಗೆ. ಸ್ಮಶಾನದಿಂದ ಬರುವಾಗ ಎಲ್ಲರೂ ಅಳುತ್ತಿದ್ದರೆ ಅವನು ಗೋಡೆಯ ಮೇಲೆ ಎಷ್ಟು ಕೂತಿದೆ ಎಂದು ಬೆರಳು ಚುಚ್ಚಿ ನೋಡಿದ್ದ. ಚಿಕ್ಕಪ್ಪ ಎಲ್ಲರೆದುರು ಕಪಾಳಕ್ಕೆ ಬಾರಿಸಿದ್ದ. ಕೆನ್ನೆ ಉರಿಯುತ್ತಿದ್ದಾಗಲೂ ಬೆರಳಿನ ಎರಡು ಗೆಣ್ಣು ಎಂಬುದು ಮರೆತಿರಲಿಲ್ಲ.

ಕೊರ್ರಾದಿ ಅಮ್ಮ ಸಲಿಕೆ ಹಿಡಿದು ಮೆಟ್ಟಿಲಿಗೆ ಬಂದಿದ್ದಳು.

"ಇದೇನಪ್ಪಾ, ಮಳೆ ಅಂದಿದ್ದೆಯಂತಲ್ಲ ನೀನು? ಪಾಪ, ಅವಳು ಹೊರಟೇಬಿಟ್ಟಳಲ್ಲ."

ಅವನು ಏನೋ ಗೊಣಗಿದ. ಬೆಟ್ಟದಲ್ಲಿ ಬೇರೆ, ಇಲ್ಲಿ ಬೇರೆ ಅಂದ. ಅದು ನಿಜವೇ. ಬೆಟ್ಟದಲ್ಲಿ ಇದರ ನಾಲ್ಕರಷ್ಟು.

"ಬಾಯ್ಲರ್ ರಿಪೇರಿಯವನು ಬರ್ತಾನೆ, ಅದಕ್ಕೇ ಅದೆಲ್ಮೊ ನಂಜೊತೆ ಬರ್ತಿಲ್ಲ ಅಂದಳು ಇಲೆಯಾನಾ. ಬಂದ ಮೇಲೆ ನಮ್ಮನೇಗೂ ಒಂಚೂರು ಕಳಿಸು. ನಂದೂ ಎರಡು ದಿನದಿಂದ ಗುಡುಗ್ತಿದೆ."

ಆಗಲಿ ಅಂದ. ಬಾಯ್ಲರ್ ನೆಟ್ಟಗೇ ಇತ್ತು. ಯಾರೂ ಬರುವವರಿರಲಿಲ್ಲ. ಹಲಗೆಯನ್ನು ಬಿಟ್ಟು ಹೋಗಲಾರದೆ ಹುಟ್ಟಿಸಿದ ರಿಪೇರಿಯವನು ಅವನು. ಈಗ ಮುದುಕಿ ಕಿಟಕಿಯಲ್ಲಿ ಕೂತು ಅವನಿಗಾಗಿ ಕಾಯುತ್ತಾಳೆ. ಒಂದು ಸುಳ್ಳು ಹೇಳಿದರೆ ಅದಕ್ಕೆ ಊಟ ಹಾಕಿ ಸಾಕಬೇಕಾಗುತ್ತದಲ್ಲ ಎಂದು ಬೇಸರವಾಯಿತು. ನಾಚಿಕೆ ಆಗಲಿಲ್ಲ, ಬೇಸರ ಅಷ್ಟೇ.

ಒಳಗೆ ಬಂದು ಕಂಪ್ಯೂಟರಿನ ಮುಂದೆ ಕೂತ. ಜಗಲಿಯಲ್ಲಿ ಹಬ್ಬ. ಪಾರ್ಮಾದಲ್ಲಿ ಹತ್ತಿದೆ, ರೆಜ್ಜೊದಲ್ಲಿ ಹತ್ತಿದೆ, ನರಿಯ ಊರಿನಲ್ಲಿ ಮಾತ್ರ ಇನ್ನೂ ಜಿನುಗುತ್ತಿದೆ. ಮಧ್ಯಾಹ್ನದೊಳಗೆ ಮೇಲಿನ ಗಾಳಿ ಬೆಚ್ಚಗಾಗಿ ನಿಮ್ಮದೆಲ್ಲ ತೊಳೆದುಹೋಗುತ್ತದೆ ಎಂದು ನರಿ ಹೊಟ್ಟೆಯುರಿ ಕಾರುತ್ತಿದ್ದ. ಕರ್ನಲ್ ಅವನಿಗೆ ನಕ್ಷೆ ಹಾಕಿ ತಿಳಿಹೇಳುತ್ತಿದ್ದ. ಅದೆಲ್ಮೊ ತಾನೂ ಒಂದು ಸಾಲು ಬರೆದ. ಹಲಗೆ ಬೆಳ್ಳಗಾಗಿದೆ, ತಣ್ಣನೆ ಗಾಳಿ ಅಲುಗಿಲ್ಲ ಎಂದು. ಕೆಳಗೆ ಛತ್ರಿ ಬೀಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಬೀಳಲಿಲ್ಲ. ಪುಟವನ್ನು ಮತ್ತೆ ಮತ್ತೆ ತೆರೆದು ನೋಡಿ, ಬೀಳಲಿಲ್ಲವೆಂದು ಖಾತ್ರಿ ಮಾಡಿಕೊಂಡ. ಫೋನು ಮಾಡಬೇಕಿತ್ತು ಎಂಬುದು ಆಗ ನೆನಪಾಯಿತು. ಇಷ್ಟು ಹೊತ್ತಿಗೆ ಅವಳು ಬೆಟ್ಟದ ಮೇಲಿನ ಬೆರ್ಚೆತೊ ದಾಟಿರುತ್ತಾಳೆ, ಈಗ ವಾಪಸು ಬಾ ಅನ್ನುವುದರಲ್ಲಿ ಅರ್ಥವಿಲ್ಲ, ಇಳಿಜಾರಿನಲ್ಲಿ ತಿರುಗುವುದಕ್ಕಿಂತ ಮುಂದೆ ಹೋಗುವುದೇ ಮೇಲು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ನಂಬುವಂತೆಯೂ ಇತ್ತು.

ಅವಳೇ ಮಾಡಿದಳು. ಗಾಳಿಯ ಸದ್ದಿನ ನಡುವೆ ಅವಳ ದನಿ ತೆಳ್ಳಗೆ ಬಂತು. ಹೆದ್ದಾರಿ ಮುಚ್ಚಿದ್ದಾರೆ, ಎಲ್ಲ ಕಾರುಗಳನ್ನೂ ಬೆರ್ಚೆತೊದಲ್ಲಿ ಹೆದ್ದಾರಿಯಿಂದ ಇಳಿಸಿದರು, ಹಳೇ ಘಟ್ಟದ ರಸ್ತೆ ಹಿಡಿದೆ, ಘಟ್ಟದ ತುದಿ ಚೀಜಾ ಇನ್ನೂ ಮೇಲಿದೆ, ಮುಂದೆ ಲಾರಿಯೊಂದು ಅಡ್ಡ ಮಲಗಿದೆ, ಹಿಂದೆ ಕಾರುಗಳ ಸಾಲು, ಹಿಮ ತೆಗೆಯುವ ಗಾಡಿ ಲಾರಿಯ ಆಚೆ ಸಿಕ್ಕಿಕೊಂಡಿದೆ, ಏನೂ ಕಾಣುವುದಿಲ್ಲ ಎಂದಳು. ಅವನ ಬಾಯಿಂದ ಬಂದದ್ದು ಇಷ್ಟು:

"ಒಣಗಿದ್ದೋ, ಒದ್ದೆಯದೋ?"

ಅವಳ ಕಡೆ ವೈಪರ್ ಎರಡು ಸಲ ಹೋಗಿ ಬಂದದ್ದು ಕೇಳಿಸಿತು.

"ಏನಂದೆ?"

"ಅಲ್ಲ, ರಸ್ತೆ. ರಸ್ತೆ ಹೇಗಿದೆ ಅಂದೆ."

"ನಿಂಗೆ ಗೊತ್ತಿತ್ತಾ?"

"ಇಲ್ಲ ಮಾರಾಯ್ತಿ. ಕೊನೇ ಗಳಿಗೇಲಿ ಬದಲಾಗೋಯ್ತು. ಯಾರಿಗೂ ಗೊತ್ತಿರ್ಲಿಲ್ಲ."

"ನಾನು ಟಿವೀನೂ ನೋಡ್ಲಿಲ್ಲ. ಮನೇಲೇ ಒಬ್ಬ ಇದಾನಲ್ಲ, ಅವನನ್ನ ಕೇಳಿದ್ರಾಯ್ತು ಅಂದ್ಕೊಂಡೆ. ಮಾರ್ತ್ಸಿಯಾ ರೈಲಲ್ಲಿ ಬಾ ಅಂದ್ಲು. ಅದೆಲ್ಮೊ ಮಳೆ ಅಂದಿದಾನೆ, ಅವನು ತಪ್ಪಲ್ಲ ಅಂದೆ." ಮತ್ತೆ ಅವಳೇ ಅಂದಳು: "ಹಾಸಿಗೆ ಹಿಂದಿನ ಸೀಟಲ್ಲಿದೆ. ಅದನ್ನೇ ನೋಡ್ತಾ ಕೂತಿದೀನಿ."

ಫೋನು ಇಟ್ಟ ಮೇಲೆ ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹುಡುಕಿದ. ರಸ್ತೆಯವರ ಮೇಲೆ ಬಂತು, ಲಾರಿಯವನ ಮೇಲೆ ಬಂತು, ಇಷ್ಟು ದಿನ ಬದುಕಿ ಇವತ್ತೇ ಸಾಯಲು ಹೊರಟ ಮಾವ ಗ್ವೆರ್ರಿನೊನ ಮೇಲೆ ಕೂಡ ಬಂತು. ಮುದುಕ ಗಟ್ಟಿ, ಹಿಂದೆ ಎರಡು ಸಲ ಹೀಗೇ ಕರೆಸಿ ಎದ್ದು ಕೂತಿದ್ದಾನೆ, ಈ ಸಲವೂ ಏಳುತ್ತಾನೆ. ಸಂಜೆಯೊಳಗೆ ದಾರಿ ಬಿಡುತ್ತದೆ, ಅವಳು ಹೋಗಿ ಕೈ ಹಿಡಿದುಕೊಳ್ಳುತ್ತಾಳೆ, ಮುಂದಿನ ವರ್ಷ ಇದೆಲ್ಲ ಊಟದ ಮೇಜಿನಲ್ಲಿ ಹೇಳಿ ನಗುವ ಕಥೆಯಾಗುತ್ತದೆ. ಹೀಗೆ ಅಂದುಕೊಳ್ಳುತ್ತಿರುವಾಗಲೂ ನಿನ್ನೆ ಸಂಜೆಯ ಆ ನಕ್ಷೆ ಕಣ್ಣ ಮುಂದೆಯೇ ಇತ್ತು. ಘಟ್ಟದ ಮೇಲೆ ಕಡು ನೇರಳೆ ಬಣ್ಣ. ಅದನ್ನು ನೋಡಿ ತಡೆಯಲಾರದೆ, ಊಟಕ್ಕೆ ಕೂರುವ ಮುಂಚೆಯೇ, ಕರ್ನಲನಿಗೊಬ್ಬನಿಗೇ ಖಾಸಗಿಯಾಗಿ ಬರೆದಿದ್ದ: ಬೆಳಿಗ್ಗೆಯಿಂದ ಶುರು, ಚೀಜಾದಲ್ಲಿ ನಲವತ್ತು ಸೆಂಟಿಮೀಟರ್, ಕೊಲ್ಲೆಕ್ಕಿಯೊದಲ್ಲಿ ಹತ್ತು, ಯಾರಿಗೂ ಹೇಳಬೇಡ. ಕರ್ನಲನಿಗೆ ಹೇಳಬಹುದು. ಖಾಸಗಿಯಾಗಿ ಬರೆದದ್ದು ಬಾಯಿಬಿಟ್ಟು ಹೇಳಿದ ಹಾಗಲ್ಲ. ಒಲೆಯ ಮುಂದೆ ನಿಂತ ಹೆಂಡತಿಗೆ ಹೇಳಿದರೆ ಮಾತ್ರ ದೊರೆಸಾನಿ ಮುನಿಯುತ್ತಾಳೆ.

ಎರಡು ಸಲ ಇಲೆಯಾನಾಳಿಗೆ ಫೋನು ಮಾಡಿದ. ಅವಳು ಕರೆ ಕತ್ತರಿಸಿದಳು. ಮಾರ್ತ್ಸಿಯಾಳಿಗೆ ಮಾಡಿದರೆ ಅವಳು ಎತ್ತಿದ್ದೇ, ಅಪ್ಪನ ಉಸಿರು ಬೇರೆ ಥರ ಆಗಿದೆ, ಕಣ್ಣು ಬಾಗಿಲಲ್ಲೇ ಇದೆ, ನಿನ್ನ ಜೊತೆ ಮಾತಾಡುವಷ್ಟು ಪುರುಸೊತ್ತಿಲ್ಲ ಎಂದು ಇಟ್ಟಳು. ಅದೆಲ್ಮೊ ಮನೆಯಲ್ಲಿ ಅಲ್ಲಿಂದಿಲ್ಲಿಗೆ ಓಡಾಡಿದ. ತಾನು ಹೋಗಬೇಕು ಅನ್ನಿಸಿತು. ಹೇಗೆ ಹೋಗುವುದು? ಮನೆಗಿದ್ದದ್ದು ಒಂದೇ ಕಾರು. ರೈಲಿಗೆ ಹೋಗಿ ಪೊಂಟ್ರೆಮೊಲಿಯಲ್ಲಿ ಇಳಿದು ಮುದುಕನ ಮಂಚದ ಪಕ್ಕ ನಿಂತು, ಚಿಕ್ಕವಳು ಬರಲಿಲ್ಲ, ನಾನು ಬಂದೆ ಎನ್ನುವುದೇ? ವೇಳಾಪಟ್ಟಿ ಕೂಡ ನೋಡಿದ. ರೈಲು ಇತ್ತು, ಸರಿಯಾದ ಹೊತ್ತಿಗೇ ಓಡುತ್ತಿತ್ತು. ಅಷ್ಟರಲ್ಲಿ ಅಳೆಯುವ ಹೊತ್ತಾಗಿತ್ತು. ಒಂದು ನಿಮಿಷದ ಕೆಲಸ, ಅಳೆದು ಆಮೇಲೆ ಸ್ಟೇಷನ್ನಿಗೆ ಹೋಗೋಣ ಎಂದು ಸ್ಕೇಲು ತೆಗೆದುಕೊಂಡು ಹಿತ್ತಲಿಗೆ ಹೋದ. ಮಂಡಿಯೂರಿ, ಉಸಿರು ತಾಗಿ ಕರಗೀತೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಸ್ಕೇಲನ್ನು ನೆಟ್ಟಗೆ ಇಳಿಸಿದ. ಹನ್ನೊಂದು. ಹತ್ತು ಎಂದಿದ್ದ, ಹನ್ನೊಂದು ಬಂದಿದೆ. ಅವನ ಕಣ್ಣು ಒದ್ದೆಯಾಯಿತು. ಸಂತೋಷಕ್ಕೆ ಒದ್ದೆಯಾಯಿತು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ದೇವರಾಣೆ, ಅದನ್ನು ತಡೆಯುವುದು ಅವನ ಕೈಲಾಗಲಿಲ್ಲ. ಎದುರು ಕಿಟಕಿಯಲ್ಲಿ ಕೊರ್ರಾದಿ ಅಮ್ಮ ಬಾಯ್ಲರಿನವನು ಬಂದನೇ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದಳು. ಇನ್ನೂ ಇಲ್ಲ ಎಂದು ತಲೆಯಾಡಿಸಿದ.

ಅಂಕಿಯನ್ನು ಹಾಕಿಬಿಟ್ಟು ಹೊರಡೋಣವೆಂದು ಮತ್ತೆ ಕಂಪ್ಯೂಟರಿಗೆ ಕೂತರೆ ಜಗಲಿಯಲ್ಲಿ ಅವನದೇ ಹೆಸರು. ಕರ್ನಲ್ ದೊಡ್ಡ ಅಕ್ಷರದಲ್ಲಿ ಬರೆದಿದ್ದ. ಎಲ್ಲರೂ ಟೋಪಿ ತೆಗೆಯಿರಿ, ನಮ್ಮ ಅದೆಲ್ಮೊ ನಿನ್ನೆ ಸಂಜೆಯೇ ನನಗೆ ಏನು ಬರೆದಿದ್ದ ನೋಡಿ, ನಾನು ಮಾತು ಮುರಿದು ಹಾಕುತ್ತಿದ್ದೇನೆ, ಹೇಗೂ ಈಗ ಬಿದ್ದಾಗಿದೆ, ಇನ್ನು ಮೇಲೆ ಇವನನ್ನು ಯಾರೂ ಛತ್ರಿ ಅನ್ನಕೂಡದು. ಕೆಳಗೆ ಖಾಸಗಿ ಸಂದೇಶ ಇದ್ದ ಹಾಗೇ. ಚೀಜಾದಲ್ಲಿ ನಲವತ್ತು. ಕೊಲ್ಲೆಕ್ಕಿಯೊದಲ್ಲಿ ಹತ್ತು. ಯಾರಿಗೂ ಹೇಳಬೇಡ. ಅದರ ಕೆಳಗೆ ಚಪ್ಪಾಳೆ, ಚಪ್ಪಾಳೆ, ಚಪ್ಪಾಳೆ. ಗುರುಗಳೇ ಎಂದು ಯಾರೋ ಬರೆದಿದ್ದರು. ನರಿ ಕೂಡ ಹಲ್ಲು ಕಚ್ಚಿಕೊಂಡು ಶಹಬ್ಬಾಸ್ ಅಂದಿದ್ದ. ಅದೆಲ್ಮೊ ಓದಿದ, ಮತ್ತೆ ಮೊದಲಿಂದ ಓದಿದ. ರೆಜ್ಜೊದ ಆ ನಲ್ಲಿಯ ನೀರು ಇವತ್ತು ನಿಂತಿತು ಅನ್ನಿಸಿತು. ಸ್ಟೇಷನ್ನು ಮರೆತೇಹೋಯಿತು.

ಚಪ್ಪಾಳೆಗಳ ಕೊನೆಯಲ್ಲಿ ಹೊಸ ಸದಸ್ಯರದೊಂದು ಬರಹ ಬಂದು ಬಿತ್ತು. ಹಿಮ ಬೀಳುವ ದಿನ ಕರ್ನಲ್ ಹೊಸಬರನ್ನು ತಡಮಾಡದೆ ಒಳಗೆ ಬಿಡುತ್ತಾನೆ, ಪ್ರತಿ ಊರಿನ ಅಳತೆಯೂ ಬೇಕು. ಚೀಜಾ ಘಟ್ಟದ ಕೆಳಗೆ, ನಿಂತ ಕಾರಿನ ಮಾಡಿನ ಮೇಲೆ, ನಲವತ್ತು, ಎಂದಿತ್ತು ಮೊದಲ ಸಾಲು. ನರಿ ಆಗಲೇ ಉತ್ತರ ಕೊಟ್ಟಿದ್ದ. ಸ್ವಾಗತ, ಆದರೆ ಕಾರಿನ ಮಾಡಿನ ಲೆಕ್ಕ ನಡೆಯುವುದಿಲ್ಲ, ಹಲಗೆ ಇಟ್ಟು ಅಳೆಯಿರಿ. ನರಿ ಹೇಳಿದ್ದು ಸರಿ ಎಂದುಕೊಂಡ ಅದೆಲ್ಮೊ. ಒಳಗೆ ಹೀಟರ್ ಹಾಕಿಕೊಂಡು ಕೂತಿರುತ್ತಾರೆ, ತಗಡು ಬೆಚ್ಚಗಾಗಿ ಅಡಿಯಿಂದ ಐದಾರು ಸೆಂಟಿಮೀಟರ್ ಕರಗಿರುತ್ತದೆ. ನಿಜವಾದ ಅಳತೆ ನಲವತ್ತೈದರ ಮೇಲೆಯೇ ಇರಬೇಕು. ಹಾಗೆಂದು ಬರೆಯಲು ಬೆರಳು ಕೀಲಿಮಣೆಯ ಮೇಲಿಟ್ಟು, ಬರೆದವರ ಹೆಸರೇನೆಂದು ಮೇಲಕ್ಕೆ ನೋಡುವಾಗ, ನಡುವೆ ಇನ್ನೆರಡು ಸಾಲು ಇದ್ದದ್ದು ಕಣ್ಣಿಗೆ ಬಿತ್ತು.

ಅವನು ಹೇಳಿದ್ದು ಸರಿಯಾಗಿತ್ತು. ನನ್ನ ಅಪ್ಪ ಈಗ ತೀರಿಕೊಂಡರು.

ಹೆಸರು, ಇಲೆಯಾನಾ.